ಮುಳುಗಿ ಏಳುವ ಗೋಡೆಗಳ ಎದುರು ಒಂದು ಪದ್ಯ: ಹಾಳು ಕಟ್ಟಡದಲ್ಲಿ ಪರ್ಫಾರ್ಮೆನ್ಸ್ ಮತ್ತು ಫೋಟೋ ಮಾಡುವ ಬಗೆ

ಹಾಸನದಿಂದ ಗೊರೂರಿನ ಕಡೆ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಶೆಟ್ಟಿಹಳ್ಳಿಯ ಹಳೇ ಚರ್ಚ್ ಸಿಗುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಊರಿನೊಳಗೆ ಬಂತು. ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋದರು. ಚರ್ಚ್ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧಕ್ಕೂ ಜಾಸ್ತಿ ಮುಳುಗುತ್ತದೆ, ಬೇಸಿಗೆ ಹತ್ತಿರ ಬಂದ ಹಾಗೆ ಪೂರ್ತಿ ಎದ್ದು ನಿಲ್ಲುತ್ತದೆ.

ನಾನು ಮತ್ತು ನನ್ನ ಗೆಳತಿ ಮೊದಲ ಸಲ ಅಲ್ಲಿಗೆ ಹೋದಾಗ ಕಾರಿನ ಡಿಕ್ಕಿ ತುಂಬಾ ಸಾಮಾನಿತ್ತು. ಐದು ಮೀಟರ್ ಕೆಂಪು ಬಟ್ಟೆ, ಹೊಗೆ ಬಿಡುವ ಡಬ್ಬಿ, ಬಣ್ಣದ ಪುಡಿ, ಒಂದು ಹಳೇ ಕುರ್ಚಿ. ಅವಳು ರಂಗಭೂಮಿಯವಳು, ನಾನು ಕ್ಯಾಮೆರಾ ಹಿಡಿಯುವವಳು. ಎಲ್ಲಾ ಇಳಿಸುತ್ತಿರುವಾಗ ದನ ಮೇಯಿಸುತ್ತಿದ್ದ ಒಬ್ಬ ಯಜಮಾನರು ಬಂದರು. ನಮ್ಮ ಕಡೆ ನೋಡಲಿಲ್ಲ. ಚರ್ಚಿನ ಮುಂದೆ ನಿಂತು ಚಪ್ಪಲಿ ಬಿಟ್ಟರು. ಅಲ್ಲಿ ಬಾಗಿಲಿಲ್ಲ, ಮೇಲೆ ಸೂರಿಲ್ಲ, ಒಳಗೆ ಪೂಜೆ ನಿಂತು ದಶಕಗಳೇ ಆಗಿವೆ. ಆದರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋದರು. ಒಂದು ನಿಮಿಷ ಕೈ ಮುಗಿದು ನಿಂತು, ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ನಮ್ಮನ್ನು ಕೇಳಿದರು, "ಏನವ್ವಾ, ಸಿನಿಮಾನಾ?" ಅಲ್ಲ ಅಂದೆವು. "ನಮ್ಮವ್ವನ ಮದುವೆ ಆಗಿದ್ದು ಇದ್ರೊಳಗೇ ಕಣವ್ವಾ. ಫೋಟೋ ತಗೊಳ್ಳಿ, ಬ್ಯಾಡ ಅನ್ನಾಕಿಲ್ಲ" ಅಂದು ದನಗಳ ಹಿಂದೆ ಹೋದರು.

ನಾವು ಸಾಮಾನನ್ನೆಲ್ಲ ವಾಪಸ್ ಡಿಕ್ಕಿಗೆ ಹಾಕಿದೆವು. ಆ ದಿನ ಒಂದು ಫೋಟೋನೂ ತೆಗೆಯಲಿಲ್ಲ. ಮನೆಗೆ ಬಂದು ಮೊದಲಿನಿಂದ ಯೋಚನೆ ಮಾಡಿದೆವು. ಈ ಮಾರ್ಗದರ್ಶಿ ಆಮೇಲಿನ ಆರೇಳು ಸಲದ ಓಡಾಟದಲ್ಲಿ ಕಲಿತದ್ದು. ಹಾಳು ಬಿದ್ದ ಜಾಗ ಖಾಲಿ ಜಾಗ ಅಂದುಕೊಂಡು ಹೋಗಬೇಡಿ. ಅಲ್ಲಿ ಆಗಲೇ ಬೇಕಾದಷ್ಟಿದೆ. ನೀವು ತೆಗೆದುಕೊಂಡು ಹೋಗುವುದು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಕೆಳಗೆ ಬರುವ ಪ್ರತಿ ಹೆಜ್ಜೆಗೂ ಇದೇ ಲೆಕ್ಕ.

ಮೊದಲು: ನೀವು ಮಾಡುವುದು ಯಾವುದು?

ಪರ್ಫಾರ್ಮೆನ್ಸ್ ಅಂದ ತಕ್ಷಣ ನಮ್ಮ ಕಡೆ ನಾಟಕ ಅಂದುಕೊಳ್ಳುತ್ತಾರೆ. ನಾಟಕದಲ್ಲಿ ಪಾತ್ರ ಇರುತ್ತದೆ, ಕಥೆ ಇರುತ್ತದೆ. ಪರ್ಫಾರ್ಮೆನ್ಸ್ ಕಲೆಯಲ್ಲಿ ನೀವು ಬೇರೆ ಯಾರೋ ಆಗಬೇಕಿಲ್ಲ. ನಿಮ್ಮ ಮೈ, ಒಂದು ಜಾಗ, ಒಂದಿಷ್ಟು ಹೊತ್ತು, ಒಂದು ಕೆಲಸ. ಇಷ್ಟೇ ಸಾಮಗ್ರಿ. ಹತ್ತು ನಿಮಿಷ ನಿಲ್ಲುವುದೂ ಪರ್ಫಾರ್ಮೆನ್ಸ್ ಆಗಬಹುದು, ಆ ನಿಲ್ಲುವುದಕ್ಕೆ ಕಾರಣ ಇದ್ದರೆ.

ಕ್ಯಾಮೆರಾ ಇದರೊಳಗೆ ಎರಡು ರೀತಿ ಬರುತ್ತದೆ. ಒಂದು, ನಡೆದದ್ದನ್ನು ದಾಖಲೆ ಮಾಡುವುದು. ಆನಾ ಮೆಂಡಿಯೇಟಾ ಅನ್ನುವ ಕಲಾವಿದೆ 1970ರ ದಶಕದಲ್ಲಿ ಮಣ್ಣು, ಹುಲ್ಲು, ಮರಳಿನ ಮೇಲೆ ತನ್ನ ಮೈಯ ಅಚ್ಚು ಬಿಡುತ್ತಿದ್ದರು. ಮಳೆ, ಅಲೆ ಬಂದು ಅಚ್ಚು ಹೋಯಿತು. ಈಗ ಉಳಿದಿರುವುದು ಫೋಟೋ ಮತ್ತು ಫಿಲ್ಮ್. ಎರಡನೆಯದು, ಕ್ಯಾಮೆರಾಗೋಸ್ಕರವೇ ಮಾಡುವುದು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ 1990ರ ದಶಕದಿಂದ ಮಾಡುತ್ತಾ ಬಂದಿರುವುದು ಇದನ್ನು. ಅವರೇ ವೇಷ ಹಾಕಿ, ಅವರೇ ಚೌಕಟ್ಟಿನೊಳಗೆ ನಿಂತು, ಫೋಟೋವನ್ನೇ ಕಲಾಕೃತಿ ಮಾಡುತ್ತಾರೆ. ಇದಕ್ಕೆ ಫೋಟೋ-ಪರ್ಫಾರ್ಮೆನ್ಸ್ ಅನ್ನುತ್ತಾರೆ. ಅಮೆರಿಕದ ಫ್ರಾನ್ಸೆಸ್ಕಾ ವುಡ್‌ಮನ್ ಕೂಡ ಹೀಗೇ. 1970ರ ದಶಕದ ಕೊನೆಯ ಭಾಗದಲ್ಲಿ, ಇನ್ನೂ ಓದುತ್ತಿದ್ದ ಹುಡುಗಿ, ಗೋಡೆ ಸುಲಿದ ಹಳೇ ಮನೆಗಳಲ್ಲಿ ಷಟರ್ ನಿಧಾನ ಇಟ್ಟು, ಅಂದರೆ ಕ್ಯಾಮೆರಾದ ಕಣ್ಣನ್ನು ಜಾಸ್ತಿ ಹೊತ್ತು ತೆರೆದಿಟ್ಟು, ತನ್ನನ್ನೇ ತೆಗೆದುಕೊಂಡಳು. ಎಷ್ಟೋ ಚಿತ್ರಗಳಲ್ಲಿ ಮೈ ಅಲುಗಿ ಮಸುಕಾಗಿದೆ, ಗೋಡೆ ಮಾತ್ರ ಚೂಪಾಗಿದೆ.

ಯಾವುದು ಅಂತ ಹೊರಡುವ ಮುಂಚೆಯೇ ತೀರ್ಮಾನ ಮಾಡಿ. ದಾಖಲೆ ಅಂದರೆ ಫೋಟೋ ತೆಗೆಯುವವರು ಬಾಯಿ ಬಿಡುವ ಹಾಗಿಲ್ಲ. "ಸ್ವಲ್ಪ ಎಡಕ್ಕೆ, ಇನ್ನೊಂದು ಸಲ" ಅನ್ನುವ ಹಾಗಿಲ್ಲ. ಕ್ಯಾಮೆರಾಗೋಸ್ಕರ ಅಂದರೆ ಎಷ್ಟು ಸಲ ಬೇಕಾದರೂ ನಿಲ್ಲಿಸಿ ಸರಿ ಮಾಡಬಹುದು. ಎರಡನ್ನೂ ಒಂದೇ ಬೆಳಿಗ್ಗೆ ಕಲಸಿದರೆ ಜಗಳ ಆಗುತ್ತದೆ. ನಮಗೆ ಆಗಿದೆ. ನಾವು ಈಗ ದಾಖಲೆಯ ದಾರಿಯನ್ನೇ ಹಿಡಿದಿದ್ದೇವೆ, ಹಾಗಾಗಿ ಮುಂದಿನದೆಲ್ಲ ಆ ಕಡೆಗೇ ಜಾಸ್ತಿ ವಾಲುತ್ತದೆ.

ಪದ್ಯ ಆರಿಸುವುದು

ಚಿಕ್ಕದು ಆರಿಸಿ. ಹತ್ತು ಸಾಲು ದಾಟಿದರೆ ಕೈಗೆ ಸಿಗುವುದಿಲ್ಲ. ವಚನ, ತ್ರಿಪದಿ ಒಳ್ಳೆಯ ಆರಂಭ. ಮೂರು ಸಾಲಿನ ತ್ರಿಪದಿಯಲ್ಲಿ ಒಂದು ಇಡೀ ಬದುಕು ಇರುತ್ತದೆ, ಅಲ್ವಾ?

ಹಾಳು ಗೋಡೆ, ಬಿದ್ದ ಕಂಬದ ಬಗ್ಗೆಯೇ ಬರೆದ ಪದ್ಯ ಬೇಡ. ಜಾಗ ಹೇಳುವುದನ್ನೇ ಪದ್ಯವೂ ಹೇಳಿದರೆ ಎರಡೂ ಸಪ್ಪೆ. ಕಾಯುವುದು, ಕರೆಯುವುದು, ತವರು, ಬಾಯಾರಿಕೆ, ಇಂಥದ್ದರ ಬಗ್ಗೆ ಇರುವ ಪದ್ಯ ತೆಗೆದುಕೊಂಡು ಹೋದರೆ ಗೋಡೆ ಅದಕ್ಕೆ ಏನೋ ಸೇರಿಸುತ್ತದೆ.

ಹಕ್ಕಿನ ವಿಷಯವೂ ಗೊತ್ತಿರಲಿ. ನಮ್ಮ ದೇಶದಲ್ಲಿ ಪ್ರಕಟವಾದ ಪದ್ಯದ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹನ್ನೆರಡನೇ ಶತಮಾನದ ವಚನಕ್ಕೆ ಆ ತೊಂದರೆ ಇಲ್ಲ. ಈಗಿನ ಕವಿಯ ಸಾಲು ಬಳಸಿ ಪ್ರದರ್ಶನ ಮಾಡುವುದಾದರೆ ಅವರನ್ನೋ ಮನೆಯವರನ್ನೋ ಕೇಳಿ. ಒಂದು ಪತ್ರ ಬರೆದರೆ ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ.

ನಾವು ನಮ್ಮದೇ ಬರೆದುಕೊಂಡೆವು. ಆ ಯಜಮಾನರ ಚಪ್ಪಲಿ ತಲೆಯಿಂದ ಹೋಗಲೇ ಇಲ್ಲ. ಎರಡನೇ ಸಲ ಹೋದಾಗ ಗೋಡೆಯ ಮೇಲೆ ನೀರು ನಿಂತಿದ್ದ ಗೆರೆ ಕಣ್ಣಿಗೆ ಬಿತ್ತು. ಮನೆಯಲ್ಲಿ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಎತ್ತರ ಗುರುತು ಹಾಕುತ್ತೇವಲ್ಲ, ಹಾಗೇ ಇತ್ತು.

*ಬಾಗಿಲಿಲ್ಲದ ಮನೆಗೆ*
*ನೀರು ಬಂತು*
*ಚಪ್ಪಲಿ ಬಿಡಲಿಲ್ಲ*
*ಎದೆಮಟ್ಟ ನಿಂತು*
*ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿತು*

*ಹೋಗುವಾಗ ಗೋಡೆಗೆ*
*ತನ್ನ ಎತ್ತರ*
*ಗುರುತು ಹಾಕಿ ಹೋಯಿತು*

ಪದ್ಯವನ್ನು ಕೆಲಸವಾಗಿ ಮಾಡುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಇದಕ್ಕೆ ಎರಡು ವಾರ ಕೊಡಿ.

ಪದ್ಯವನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ. ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ನಮ್ಮದರಲ್ಲಿ ಸಿಕ್ಕಿದ್ದು: ಬಂತು, ಬಿಡಲಿಲ್ಲ, ನಿಂತು, ಕೂಗಿತು, ಗುರುತು ಹಾಕಿ ಹೋಯಿತು. ಈಗ ಒಂದೊಂದನ್ನೂ ಮೈಯಿಂದ ಮಾಡಿ ನೋಡಿ. ನಾಮಪದ ನಿಮ್ಮನ್ನು ಸಾಮಾನು ತರುವ ಕಡೆ ಎಳೆಯುತ್ತದೆ. ನೀರು ಅಂದರೆ ಕೊಡ, ಬಾಗಿಲು ಅಂದರೆ ಬಾಗಿಲು ಚೌಕಟ್ಟು, ಹೀಗೆ ಡಿಕ್ಕಿ ಮತ್ತೆ ತುಂಬುತ್ತದೆ. ಕ್ರಿಯಾಪದಕ್ಕೆ ಮೈ ಒಂದೇ ಸಾಕು.

ನಾವು ಐದನ್ನೂ ಮಾಡಿ ನೋಡಿದೆವು. ಕೂಗುವುದು ಅತಿಯಾಯಿತು. ಬರುವುದು ಸುಮ್ನೆ ನಡೆದ ಹಾಗೆ ಆಯಿತು. ಕೊನೆಗೆ ಉಳಿದಿದ್ದು ಎರಡು, ಬಿಡುವುದು ಮತ್ತು ಗುರುತು ಹಾಕುವುದು. ನೀರು ಚಪ್ಪಲಿ ಬಿಡಲಿಲ್ಲ, ಅವಳು ಬಿಡುತ್ತಾಳೆ. ನೀರು ಒಳಗೆ ಹೋಯಿತು, ಅವಳು ಬಾಗಿಲಿನ ತನಕ ಹೋಗುವುದೇ ಇಲ್ಲ, ದೂರದಲ್ಲೇ ನಿಲ್ಲುತ್ತಾಳೆ. ಗೋಡೆಯ ಗೆರೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರಕ್ಕೆ ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ಮಗುವಿನ ತಲೆಯ ಮೇಲೆ ಇಟ್ಟ ಹಾಗೆ ಹಿಡಿಯುತ್ತಾಳೆ. ಕೈ ಸೋಲುವ ತನಕ ಹಾಗೇ ಇರುತ್ತಾಳೆ. ಕೈ ತಾನಾಗಿಯೇ ಇಳಿಯುತ್ತದೆ, ನೀರು ಇಳಿದ ಹಾಗೆ.

ಇಷ್ಟೇ ಪರ್ಫಾರ್ಮೆನ್ಸ್. ನಿಮ್ಮದೂ ಹೀಗೆ ಎರಡು ಮೂರು ವಾಕ್ಯದಲ್ಲಿ ಹೇಳುವ ಹಾಗಿರಲಿ. ಹೇಳಲು ಒಂದು ಪುಟ ಬೇಕಾದರೆ ಇನ್ನೂ ಕತ್ತರಿಸಬೇಕು ಅಂತ ಅರ್ಥ.

ಜಾಗ ನೋಡಿಕೊಂಡು ಬರುವುದು

ಕ್ಯಾಮೆರಾ ಇಲ್ಲದೆ ಒಂದು ಸಲ, ಕ್ಯಾಮೆರಾ ಜೊತೆ ಒಂದು ಸಲ, ಕಡೇ ಪಕ್ಷ ಎರಡು ಸಲ ಹೋಗಿ.

ಶೆಟ್ಟಿಹಳ್ಳಿಯಲ್ಲಿ ಎಲ್ಲವೂ ನೀರಿನ ಮಟ್ಟದ ಮೇಲೆ ನಿಂತಿದೆ. ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್ ತನಕ ನೀರು ತುಂಬಿರುತ್ತದೆ, ಡಿಸೆಂಬರ್ ಕಳೆದ ಮೇಲೆ ನೆಲ ಬಿಡುತ್ತಾ ಬರುತ್ತದೆ. ಮಳೆ ಕಮ್ಮಿ ಆದ ವರ್ಷ ಈ ಲೆಕ್ಕ ಬದಲಾಗುತ್ತದೆ. ಪೇಪರಿನಲ್ಲಿ ದಿನಾ ಜಲಾಶಯಗಳ ಮಟ್ಟ ಹಾಕುತ್ತಾರಲ್ಲ, ಅದನ್ನು ನೋಡುತ್ತಿರಿ. ಹೇಮಾವತಿಯ ಪೂರ್ಣ ಮಟ್ಟ 2922 ಅಡಿ. ನೀವು ಹೋದ ದಿನ ಎಷ್ಟಿತ್ತು, ನೀರು ಗೋಡೆಯಿಂದ ಎಷ್ಟು ದೂರ ಇತ್ತು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಮೂರು ಸಲ ಬರೆದರೆ ಆಮೇಲೆ ಮನೆಯಲ್ಲೇ ಕೂತು ಹೋಗಬಹುದೋ ಬೇಡವೋ ಅಂತ ಹೇಳಬಹುದು.

ಕಂಪಾಸ್ ಇಟ್ಟು ಯಾವ ಗೋಡೆ ಯಾವ ದಿಕ್ಕಿಗಿದೆ ಅಂತ ಗುರುತು ಮಾಡಿಕೊಳ್ಳಿ. ಬೆಳಗಿನ ಬಿಸಿಲು ಯಾವ ಕಮಾನಿನ ಮೂಲಕ ಬರುತ್ತದೆ, ಎಷ್ಟು ಹೊತ್ತಿಗೆ ನೆರಳು ನೀವು ನಿಲ್ಲುವ ಜಾಗ ಬಿಡುತ್ತದೆ ಅಂತ ಗಡಿಯಾರ ನೋಡಿ ಬರೆಯಿರಿ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ. ಎಷ್ಟೋ ದಿನ ಹಿನ್ನೀರಿನ ಮೇಲೆ ಮಂಜು ಕೂತಿರುತ್ತದೆ, ಬಿಸಿಲು ಬಲಿತ ಮೇಲೇ ಏಳುತ್ತದೆ.

ಜನರ ಜೊತೆ ಮಾತಾಡಿ. ನೀರು ಬಂದು ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಸುತ್ತಮುತ್ತಲೇ ಇದ್ದಾರೆ. ರೆಕಾರ್ಡರ್ ಮುಂದೆ ಇಡಬೇಡಿ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂತು ಕೇಳಿಸಿಕೊಂಡರೆ ಸಾಕು. ನಿಮ್ಮ ಪದ್ಯ ಅಲ್ಲಿಗೆ ಹೊಂದುತ್ತದೋ ಇಲ್ಲವೋ ಅಂತ ಆ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಬೇರೆ ಜಾಗಗಳ ಬಗ್ಗೆ ಎರಡು ಮಾತು. ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ಇದೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ನಕ್ಷತ್ರದ ಆಕಾರ, ಎಂಟು ಮೂಲೆ, ನಡುವೆ ಶಿಲುಬೆಯಾಕಾರದ ಕೊಳ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಬೇಕು. ಸುತ್ತು ಹೊಡೆಯುವ, ನಡೆಯುವ ಕೆಲಸಕ್ಕೆ ಅದರ ಆಕಾರ ಬಹಳ ಒಳ್ಳೆಯದು. ಆದರೆ ರಜೆ ದಿನ ಜನಜಂಗುಳಿ. ಬೇಲೂರು, ಹಳೇಬೀಡಿಗೆ ಈ ಕೆಲಸಕ್ಕೆ ಹೋಗಬೇಡಿ. ಅವು 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಬೇಲೂರಿನಲ್ಲಿ ದಿನಾ ಪೂಜೆಯೂ ನಡೆಯುತ್ತದೆ. ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆ ತೋಟಗಳೊಳಗೆ ಪಾಳು ಬಿದ್ದ ತೊಟ್ಟಿ ಮನೆ, ಕೂಲಿಯವರ ಲೈನ್ ಮನೆಗಳಿವೆ. ಅವು ಯಾರದ್ದೋ ಸ್ವಂತ ಆಸ್ತಿ, ಮಾಲೀಕರನ್ನು ಕೇಳದೆ ಗೇಟು ದಾಟಬೇಡಿ. ಆ ಕಡೆ ಆನೆ ಓಡಾಟ ಜಾಸ್ತಿ. ನಸುಕಿನಲ್ಲಿ ಹೋಗುವ ಮುಂಚೆ ತೋಟದವರನ್ನು ಕೇಳಿ, ಅರಣ್ಯ ಇಲಾಖೆಯಿಂದ ಬರುವ ಆನೆ ಸಂಚಾರದ ಮೆಸೇಜ್ ನೋಡಿ. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತುತ್ತವೆ, ಬರಿಗಾಲಿನಲ್ಲಿ ನಿಲ್ಲುವ ಪರ್ಫಾರ್ಮೆನ್ಸ್ ಇಟ್ಟುಕೊಳ್ಳಬೇಡಿ.

ಕೇಳಿಕೊಳ್ಳುವುದು

ಹಾಳು ಕಟ್ಟಡಕ್ಕೆ ಯಾರೂ ದಿಕ್ಕಿಲ್ಲ ಅಂದುಕೊಳ್ಳುವುದು ತಪ್ಪು. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಬೇಕು. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ ಕೈಕೆಳಗಿದೆ. ಶೆಟ್ಟಿಹಳ್ಳಿಗಾದರೆ ಅವರ ಕಚೇರಿಗೆ, ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಅರ್ಜಿಯ ಒಂದೊಂದು ಪ್ರತಿ ಕೊಡಿ. ಹತ್ತಿರದ ಚರ್ಚಿನ ಫಾದರ್ ಹತ್ತಿರ ಹೋಗಿ ಬಾಯಿ ಮಾತಿನಲ್ಲಿ ಹೇಳಿ. ಕಾಗದ ಸಿಕ್ಕಿದರೂ ಆ ಮಾತು ಬಿಡಬೇಡಿ.

ನಾವು ಕೊಟ್ಟ ಅರ್ಜಿಯ ಒಕ್ಕಣೆ ಹೀಗಿತ್ತು. ಬೇಕಾದರೆ ಹಾಗೇ ಬಳಸಿ:

"ಮಾನ್ಯರೇ, ನಾವು ನಾಲ್ಕು ಜನ ಇಂಥ ದಿನಾಂಕದಂದು ಬೆಳಿಗ್ಗೆ 6ರಿಂದ 9ರವರೆಗೆ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಮುಂದಿನ ಬಯಲಿನಲ್ಲಿ ಒಂದು ಕನ್ನಡ ಪದ್ಯವನ್ನು ಆಧರಿಸಿ ಮೌನ ಪ್ರದರ್ಶನ ಮಾಡಿ ಅದರ ಫೋಟೋ ತೆಗೆಯಲು ಅನುಮತಿ ಕೋರುತ್ತೇವೆ. ಕಟ್ಟಡವನ್ನು ಮುಟ್ಟುವುದಿಲ್ಲ, ಹತ್ತುವುದಿಲ್ಲ. ಬೆಂಕಿ, ಹೊಗೆ, ಬಣ್ಣ, ಡ್ರೋನ್, ಧ್ವನಿವರ್ಧಕ ಬಳಸುವುದಿಲ್ಲ. ಇದು ಜಾಹೀರಾತು ಅಥವಾ ವ್ಯಾಪಾರಕ್ಕಾಗಿ ಅಲ್ಲ. ಮುಗಿದ ಮೇಲೆ ಸ್ಥಳವನ್ನು ಇದ್ದ ಹಾಗೆಯೇ ಬಿಟ್ಟು ಹೋಗುತ್ತೇವೆ."

ಒಂದು ಕಚೇರಿಯಲ್ಲಿ ಮೂರು ಸಲ ತಿರುಗಿಸಿದರು. ಪ್ರತಿ ಸಲವೂ ಅರ್ಜಿಯ ನಕಲಿನ ಮೇಲೆ ಸೀಲು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದಿದ್ದೆವು. ಕೊನೆಗೆ ಅದೇ ಉಪಯೋಗಕ್ಕೆ ಬಂತು. ಹಾಗಾಗಿ ತಿಂಗಳ ಮುಂಚೆ ಶುರು ಮಾಡಿ.

ಗೋಡೆಯಿಂದ ದೂರ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಹಳೇ ಗಾರೆ ನೀರು ಹೀರುತ್ತದೆ. ವರ್ಷಾ ವರ್ಷ ನೆಂದು, ಒಣಗಿ, ಮತ್ತೆ ನೆಂದು ಅದರ ಹಿಡಿತ ಹೋಗಿರುತ್ತದೆ. ಇತ್ತೀಚಿನ ವರ್ಷಗಳ ಮಳೆಗೆ ಶೆಟ್ಟಿಹಳ್ಳಿಯ ಕಟ್ಟಡದ ಒಂದಷ್ಟು ಭಾಗ ಕುಸಿದಿದೆ. ಕಮಾನಿನ ಕೆಳಗೆ ನಿಂತ ಫೋಟೋ ಎಷ್ಟೇ ಚೆನ್ನಾಗಿ ಬರಲಿ, ನಿಲ್ಲಬೇಡಿ. ಗೋಡೆ ಎಷ್ಟು ಎತ್ತರವೋ ಕಡೇ ಪಕ್ಷ ಅಷ್ಟು ದೂರ ನಿಲ್ಲುವುದು ನಮ್ಮ ನಿಯಮ. ನಮ್ಮ ಗೆಳತಿ ಬಾಗಿಲಿನ ತನಕ ಹೋಗದೆ ನಿಂತದ್ದಕ್ಕೆ ಪದ್ಯ ಒಂದು ಕಾರಣ, ಇದು ಇನ್ನೊಂದು.

ಹಿನ್ನೀರು ಇಳಿದ ನೆಲ ಮೋಸದ್ದು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹಸಿ ಕೆಸರು. ಒಂದು ಉದ್ದನೆ ಕೋಲು ಹಿಡಿದು, ಚುಚ್ಚಿ ನೋಡುತ್ತಾ ನಡೆಯಿರಿ. ಕಾರು, ಬೈಕು ಗಟ್ಟಿ ದಾರಿಯಲ್ಲೇ ಇರಲಿ. ನೀರಿಗೆ ಇಳಿಯುವ ಯೋಚನೆ ಬೇಡ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರುತ್ತವೆ. ಕಡೇ ಪಕ್ಷ ನಾಲ್ಕು ಜನ ಇರಲಿ: ಮಾಡುವವರು, ಫೋಟೋ ತೆಗೆಯುವವರು, ಗಡಿಯಾರ ನೋಡುವವರು, ಮತ್ತು ಬರೀ ಸುತ್ತಮುತ್ತ ನೋಡಿಕೊಳ್ಳುವವರು. ಆ ನಾಲ್ಕನೆಯವರ ಕೈಗೆ ಫೋನು ಕೊಡಬೇಡಿ, ಅವರೂ ಫೋಟೋ ತೆಗೆಯಲು ನಿಂತುಬಿಡುತ್ತಾರೆ.

ಬಟ್ಟೆ, ಸಾಮಾನು

ಕೋರಾ ಬಟ್ಟೆ ಚೆನ್ನ. ಬಿಳಿ ಸೀರೆ ಬಿಸಿಲಿಗೆ ಹೊಳೆದು ಅದರ ಮಡಿಕೆಗಳೇ ಫೋಟೋದಲ್ಲಿ ಕಾಣುವುದಿಲ್ಲ. ಕೋರಾ ಬಣ್ಣ ಗೋಡೆಯ ಬೂದು, ಪಾಚಿ, ಅಲ್ಲಲ್ಲಿ ಕಾಣುವ ಇಟ್ಟಿಗೆ, ಎಲ್ಲದರ ಜೊತೆ ಹೋಗುತ್ತದೆ. ಕೆಂಪು ಬೇಡ. ಕೆಂಪು ಇದ್ದರೆ ಕಣ್ಣು ಅಲ್ಲೇ ಕೂರುತ್ತದೆ, ಗೋಡೆ ಕಡೆ ಹೋಗುವುದೇ ಇಲ್ಲ. ಹತ್ತಿ ಬಟ್ಟೆ ಮಂಜಿಗೆ ತೇವವಾಗಿ ಮೈಗೆ ಅಂಟುತ್ತದೆ, ಒಳಗೆ ಏನು ಹಾಕಿಕೊಳ್ಳಬೇಕು ಅಂತ ಹಾಕಿಕೊಳ್ಳುವವರೇ ಹೇಳಲಿ.

ಗೋಡೆಗೆ, ನೆಲಕ್ಕೆ ಏನೂ ಹಚ್ಚಬೇಡಿ. ಸೀಮೆಸುಣ್ಣ, ಕುಂಕುಮ, ಬಣ್ಣದ ಪುಡಿ ಗಾರೆಯೊಳಗೆ ಇಳಿದರೆ ಹೋಗುವುದಿಲ್ಲ. ದೀಪದ ಎಣ್ಣೆ, ಮೇಣ, ಮಸಿ ಕೂಡ ಹಾಗೇ. ನಾವು ತೆಗೆದುಕೊಂಡು ಹೋಗಿದ್ದು ಒಂದು ಜೊತೆ ಹಳೇ ಹವಾಯಿ ಚಪ್ಪಲಿ. ಜೊತೆಗೆ ಒಂದು ಶಾಲು, ಫ್ಲಾಸ್ಕಿನಲ್ಲಿ ಕಾಫಿ, ಬಾಳೆಹಣ್ಣು, ಪ್ರಥಮ ಚಿಕಿತ್ಸೆಯ ಡಬ್ಬಿ.

ಅಭ್ಯಾಸ

ಮನೆಯ ತಾರಸಿಯಲ್ಲಿ ಮಾಡಿ. ಕೈ ಚಾಚಿ ನಿಲ್ಲುವುದು ಸುಲಭ ಅನಿಸುತ್ತದೆ. ಮೂರನೇ ನಿಮಿಷಕ್ಕೆ ಭುಜ ಉರಿಯುತ್ತದೆ, ಆಮೇಲೆ ಬೆರಳು ನಡುಗುತ್ತದೆ. ಆ ನಡುಕವನ್ನು ಮುಚ್ಚಬೇಡಿ, ನಟಿಸಿ ಜಾಸ್ತಿಯೂ ಮಾಡಬೇಡಿ. ಭುಜ, ಬೆನ್ನು ನೋವಿರುವವರು ಈ ರೀತಿಯ ಕೆಲಸ ಆರಿಸಲೇಬಾರದು. ನಿಲ್ಲಿಸಬೇಕು ಅನಿಸಿದರೆ ಒಂದು ಸನ್ನೆ ಇರಲಿ. ನಮ್ಮದು ಎಡಗೈ ಮುಷ್ಟಿ. ಮುಷ್ಟಿ ಕಂಡ ತಕ್ಷಣ ಎಲ್ಲವೂ ನಿಲ್ಲಬೇಕು, "ಇನ್ನೊಂದೇ ಫೋಟೋ" ಅನ್ನುವ ಮಾತಿಲ್ಲ.

ಆ ಬೆಳಿಗ್ಗೆ, ಕ್ಯಾಮೆರಾ ಹಿಂದೆ

ಆರು ಗಂಟೆಗೆಲ್ಲ ಅಲ್ಲಿರಿ. ಮೊದಲು ಎಲ್ಲರೂ ನಿಂತು ಪದ್ಯವನ್ನು ಒಂದೇ ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ಮುಗಿಯುವ ತನಕ ಯಾರೂ ಮಾತಾಡುವ ಹಾಗಿಲ್ಲ. ಪದ್ಯವನ್ನು ಸ್ಪೀಕರಿನಲ್ಲಿ ಹಾಕುವ ಆಸೆ ನಮಗೂ ಇತ್ತು. ಅಲ್ಲಿ ನೀರಕ್ಕಿಗಳ ಸದ್ದು ಕೇಳಿದ ಮೇಲೆ ಬೇಡ ಅನಿಸಿತು.

ಈಗ ಮುಖ್ಯವಾದ ಒಂದು ತಂತ್ರ. ಅವಳು ಗೋಡೆಯಿಂದ ಮೂವತ್ತು ಅಡಿ ಮುಂದೆ ನಿಂತಿದ್ದಾಳೆ, ಆದರೆ ಫೋಟೋದಲ್ಲಿ ಅವಳ ಅಂಗೈ ಗೋಡೆಯ ಗೆರೆಗೆ ಸರಿಯಾಗಿ ತಾಗಬೇಕು. ಅದಕ್ಕೆ ಕ್ಯಾಮೆರಾವನ್ನು ಆ ಗೆರೆಯ ಎತ್ತರಕ್ಕೇ ಇಡಬೇಕು. ಗೆರೆ ನೆಲದಿಂದ ನಾಲ್ಕು ಅಡಿ ಇದ್ದರೆ ಟ್ರೈಪಾಡ್ ಮೇಲೆ ಲೆನ್ಸ್ ನಾಲ್ಕು ಅಡಿ. ನೆಲ ಸಮ ಇದ್ದರೆ, ಲೆನ್ಸಿನ ಎತ್ತರದಲ್ಲಿರುವ ಎಲ್ಲವೂ, ಹತ್ತಿರದ್ದಾಗಲಿ ದೂರದ್ದಾಗಲಿ, ಚಿತ್ರದಲ್ಲಿ ಒಂದೇ ಮಟ್ಟದಲ್ಲಿ ಬರುತ್ತದೆ. ಸಮುದ್ರದ ದಡದಲ್ಲಿ ನಿಂತಾಗ ದಿಗಂತ ನಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತದಲ್ಲ, ಅದೇ ಲೆಕ್ಕ. ಮೊದಲೇ ಟೇಪು ಹಿಡಿದು ಅಳೆದುಕೊಳ್ಳಿ. ನೆಲ ಇಳಿಜಾರಿದ್ದರೆ ನೋಡಿ ನೋಡಿ ಸರಿ ಮಾಡಿಕೊಳ್ಳಬೇಕು. ಕ್ಯಾಮೆರಾ ಮೇಲೆ ಕೆಳಗೆ ಬಾಗದ ಹಾಗೆ ಮಟ್ಟಸವಾಗಿರಲಿ, ಬಾಗಿದರೆ ಗೋಡೆ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ.

ನೀವೂ ದೂರ ಹೋಗಿ. ನೂರು ಅಡಿ ಹಿಂದೆ ನಿಂತು 85 ಅಥವಾ 135 ಎಂಎಂ ಲೆನ್ಸ್ ಹಾಕಿದರೆ ಅವಳೂ ಗೋಡೆಯೂ ಅಕ್ಕಪಕ್ಕ ಇದ್ದ ಹಾಗೆ ಕಾಣುತ್ತದೆ. ಹತ್ತಿರದಿಂದ 24 ಎಂಎಂನಲ್ಲಿ ತೆಗೆದರೆ ಅವಳು ದೊಡ್ಡವಳಾಗಿ ಚರ್ಚ್ ಆಟಿಕೆಯಾಗುತ್ತದೆ.

ಮಂಜಿನಲ್ಲಿ ಕ್ಯಾಮೆರಾದ ಬೆಳಕಿನ ಅಳತೆ ತಪ್ಪುತ್ತದೆ. ಎಲ್ಲಾ ಬೆಳ್ಳಗಿದೆ ಅಂತ ಚಿತ್ರವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪಿನ ತನಕ, ಅಂದರೆ ಬೆಳಕು ಎರಡು ಪಟ್ಟಾಗುವ ತನಕ, ಜಾಸ್ತಿ ಮಾಡಿ. ಆಟೋಫೋಕಸ್ ಕೂಡ ಹುಡುಕಾಡುತ್ತದೆ, ಮ್ಯಾನ್ಯುಯಲ್‌ಗೆ ಹಾಕಿ. ನಾವು ಶುರು ಮಾಡಿದ್ದು ಎಫ್/5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 800 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ), ಷಟರ್ 1/125 ಸೆಕೆಂಡ್. ಬಿಸಿಲು ಬಂದ ಮೇಲೆ ಎಫ್/8, ಐಎಸ್‌ಒ 200, 1/250 ಸೆಕೆಂಡ್. ಫೈಲ್ ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ರೂಪ) ಇರಲಿ, ಕಮಾನಿನ ಆಚೆಗಿನ ಆಕಾಶದ ಬೆಳಕನ್ನೂ ಗೋಡೆಯ ನೆರಳನ್ನೂ ಆಮೇಲೆ ಉಳಿಸಿಕೊಳ್ಳಲು ಬೇಕಾಗುತ್ತದೆ.

ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆ ಬೇರೆಯೇ ಒಂದು ಉಪಯೋಗಕ್ಕಿದೆ. ಆಗ ಎಫ್/11, ಐಎಸ್‌ಒ 100 ಇಟ್ಟರೆ ಷಟರ್ ತಾನಾಗಿಯೇ ಒಂದು ಸೆಕೆಂಡಿಗೆ, ಅದಕ್ಕಿಂತಲೂ ನಿಧಾನಕ್ಕೆ ಬರುತ್ತದೆ. ಮೈ ನಿಂತಿರುತ್ತದೆ, ಸೆರಗು ಗಾಳಿಗೆ ಅಲುಗಿ ಹೊಗೆಯ ಹಾಗೆ ಆಗುತ್ತದೆ. ಅವಳ ಕೈ ಇಳಿಯುವ ಗಳಿಗೆಯನ್ನು ಹೀಗೆ ನಿಧಾನ ಷಟರಿನಲ್ಲೇ ತೆಗೆಯಬೇಕು ಅಂತ ಆಸೆ ಇತ್ತು. ಅಷ್ಟು ಹೊತ್ತಿಗೆ ಬಿಸಿಲು ಬಂದಿರುತ್ತದೆ, ಹಾಗಾಗಿ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ, ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು) ಬೇಕಾಯಿತು. ಮೊದಲ ಸಲ ಮರೆತು ಹೋಗಿದ್ದೆ. ಆ ಫೋಟೋ ಸಿಗಲಿಲ್ಲ, ಎರಡನೇ ಸಲ ಹಾಕಿಕೊಂಡು ಹೋದೆ.

ಮೊಬೈಲಿನಲ್ಲೂ ಆಗುತ್ತದೆ. ಪರದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಎಚ್‌ಡಿಆರ್ (ಬೆಳಕು, ನೆರಳು ಎರಡನ್ನೂ ಸಮ ಮಾಡುವ ಸೆಟ್ಟಿಂಗ್) ಆಫ್ ಮಾಡಲು ಬಂದರೆ ಆಫ್ ಮಾಡಿ, ಅದು ನೆರಳನ್ನೆಲ್ಲ ಎತ್ತಿ ಗೋಡೆಯ ಗಾಂಭೀರ್ಯ ಕೆಡಿಸುತ್ತದೆ. ಟ್ರೈಪಾಡ್ ಬೇಕೇ ಬೇಕು.

ಎಷ್ಟು ತೆಗೆಯಬೇಕು? ನಾವು ನಿಮಿಷಕ್ಕೊಂದು ಅಂತ ಶುರು ಮಾಡಿ, ಬೆರಳು ನಡುಗಲು ಶುರುವಾದ ಮೇಲೆ ಹತ್ತು ಸೆಕೆಂಡಿಗೊಂದು ತೆಗೆದೆವು. ಮುಖದ ಹತ್ತಿರದ ಫೋಟೋ ತೆಗೆಯುವ ಆಸೆ ಬರುತ್ತದೆ. ನೋವು ಮುಖದಲ್ಲಿ ಕಾಣುತ್ತದಲ್ಲ ಅದಕ್ಕೆ. ತಡೆದುಕೊಳ್ಳಿ. ಅಂಗೈ ಮತ್ತು ಗೆರೆ ನಡುವಿನ ಜಾಗ ಅಂಗುಲ ಅಂಗುಲವಾಗಿ ದೊಡ್ಡದಾಗುತ್ತದೆ, ನೋಡಬೇಕಾದ್ದು ಅದು. ಕೊನೆಗೆ ಅವಳು ಹೋದ ಮೇಲೆ ಆ ಚಪ್ಪಲಿ ಎರಡು ನಿಮಿಷ ಅಲ್ಲೇ ಇರಲಿ. ಟ್ರೈಪಾಡ್ ಅಲುಗಿಸದೆ ಇನ್ನೊಂದು ಫೋಟೋ ತೆಗೆಯಿರಿ. ನಮ್ಮ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ ಅದೇ.

ಮನೆಗೆ ಬಂದ ಮೇಲೆ

ಒಂದು ವಾರ ಫೋಟೋ ನೋಡಬೇಡಿ. ಆಮೇಲೆ ಇಷ್ಟವಾದ ನಲವತ್ತನ್ನು ಸ್ಟುಡಿಯೋದಲ್ಲಿ ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ನಡುಮನೆಯ ನೆಲದ ಮೇಲೆ ಹರಡಿ. ಪಕ್ಕದಲ್ಲಿ ಪದ್ಯದ ಹಾಳೆ ಇಡಿ. ಪದ್ಯದ ಸಾಲು ಹೇಳುವುದನ್ನೇ ಹೇಳುವ ಫೋಟೋ ಮೊದಲು ತೆಗೆದುಬಿಡಿ. ಒಂದೇ ಥರದ್ದು ಎರಡಿದ್ದರೆ ಒಂದು ಹೋಗಲಿ. ನಮ್ಮದು ಒಂಬತ್ತಕ್ಕೆ ಬಂದು ನಿಂತಿತು. ಆಕಾಶ ಬದಲಾಯಿಸುವುದು, ಇಲ್ಲದ ಹಕ್ಕಿ ಹಾರಿಸುವುದು ಬೇಡ. ಇದು ದಾಖಲೆ, ಆ ಬೆಳಿಗ್ಗೆ ಇದ್ದದ್ದು ಇರಲಿ. ಒಂದೊಂದು ಫೋಟೋದ ಕೆಳಗೆ ಒಂದೊಂದು ಸಾಲು ಅಂಟಿಸಬೇಡಿ, ಆಗ ಪದ್ಯ ಬರೀ ಶೀರ್ಷಿಕೆಯಾಗುತ್ತದೆ. ಪದ್ಯ ಪೂರ್ತಿಯಾಗಿ ಒಂದು ಕಡೆ, ಫೋಟೋಗಳು ಇನ್ನೊಂದು ಕಡೆ ಇರಲಿ. ಎತ್ತರ ಮಾತ್ರ ನೋಡಿಕೊಳ್ಳಿ: ಒಂಬತ್ತರಲ್ಲೂ ಗೋಡೆಯ ಗೆರೆ ಒಂದೇ ಮಟ್ಟದಲ್ಲಿ ಬರುವ ಹಾಗೆ ತೂಗು ಹಾಕಿದರೆ ಕೋಣೆಯಲ್ಲಿ ನೀರು ನಿಂತ ಹಾಗಾಗುತ್ತದೆ.

ಬೆಂಗಳೂರಿಗೋ ಮೈಸೂರಿಗೋ ಕಳಿಸುವ ಮುಂಚೆ ಊರಿನವರಿಗೆ ತೋರಿಸಿ. ನಾವು ಒಂಬತ್ತನ್ನೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದೆವು. ಆ ಯಜಮಾನರು ಸಿಕ್ಕರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದರು. ಚಪ್ಪಲಿಯ ಫೋಟೋ ಹತ್ತಿರ ನಿಂತು, "ಇದು ನಂಗಿರ್ಲಿ" ಅಂದರು. ಕೊಟ್ಟೆವು. ಊರಿನವರಿಗೆ ಕೊಡಲು ಯಾವಾಗಲೂ ಒಂದು ಪ್ರತಿ ಜಾಸ್ತಿ ಹಾಕಿಸಿಕೊಳ್ಳಿ. ಕೊಡುವ ಮುಂಚೆ ಹಿಂದುಗಡೆ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ, ಅದರ ಕೆಳಗೆ ಆ ದಿನ ಹೇಮಾವತಿಯಲ್ಲಿ ನೀರು ಎಷ್ಟು ಅಡಿ ಇತ್ತು ಅಂತಲೂ ಬರೆಯಿರಿ.